ಮಕ್ಕಳ ಹಠ, ಸಿಟ್ಟು ಮತ್ತು ಮೊಬೈಲ್: ಪಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡದ ಶಾಲೆಗಳ ಪಾಲಕರ ಸಭೆಗಳಲ್ಲಿ, ಪರಿಚಿತರು ಬರೆದ ಪತ್ರಗಳಲ್ಲಿ, ಕೆಲವೊಮ್ಮೆ ಚಿಗರಿ ಬಸ್ಸಿನ ಪಕ್ಕದ ಸೀಟಿನಲ್ಲಿ ನನ್ನೆದುರು ಬಂದ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿದ್ದೇನೆ. ನಾನು ವೈದ್ಯಳಲ್ಲ, ಬಹುಕಾಲ ಮಕ್ಕಳಿಗೆ ಪಾಠ ಹೇಳಿದ ಶಿಕ್ಷಕಿ. ವೈದ್ಯರೇ ನೋಡಬೇಕಾದದ್ದು ಯಾವುದು ಎಂಬುದನ್ನು ಅಲ್ಲಲ್ಲಿಯೇ ತಿಳಿಸಿದ್ದೇನೆ.

## ಸಣ್ಣ ಮಕ್ಕಳು

ಮೊಬೈಲ್ ತೋರಸಲಿಲ್ಲಂದ್ರ ನಮ್ಮ ಹುಡುಗ ತುತ್ತು ಬಾಯಾಗ ಇಟ್ಕೊಳ್ಳಂಗಿಲ್ರಿ. ಏನ್ ಮಾಡೂದು?

ಮೊದಲು ಮಗುವಿನ ತೂಕ ವಯಸ್ಸಿಗೆ ತಕ್ಕಂತಿದೆಯೇ ಎಂದು ಅಂಗನವಾಡಿಯಲ್ಲಿ ಅಥವಾ ಮಕ್ಕಳ ವೈದ್ಯರಲ್ಲಿ ನೋಡಿಸಿರಿ. ತೂಕ ಸರಿಯಿದ್ದರೆ ಊಟದ ಹೊತ್ತಿನ ಮೊಬೈಲನ್ನು ಧೈರ್ಯವಾಗಿ ನಿಲ್ಲಿಸಬಹುದು. ಪರದೆ ನೋಡುತ್ತ ಉಣ್ಣುವ ಮಗುವಿಗೆ ತನ್ನ ಹಸಿವಿನ ಮೇಲಾಗಲಿ, ಹೊಟ್ಟೆ ತುಂಬಿದ್ದರ ಮೇಲಾಗಲಿ ಗಮನವಿರುವುದಿಲ್ಲ. ಬಾಯಿಗೆ ಬಂದದ್ದನ್ನು ನುಂಗುತ್ತದೆ, ಇಲ್ಲವೇ ಕೆನ್ನೆಯಲ್ಲಿ ಇಟ್ಟುಕೊಂಡು ಕೂಡುತ್ತದೆ.

ಊಟಕ್ಕೆ ಅರ್ಧ ತಾಸು ಮೊದಲು ಒಂದು ಲೋಟ ಹಾಲು, ನಡುವೆ ಎರಡು ಬಿಸ್ಕೀಟು, ಅತ್ತರೆ ಒಂದು ಚಿಪ್ಸ್ ಪಾಕೀಟು: ಹಲವು ಮನೆಗಳಲ್ಲಿ ನಾನು ಕಂಡ ಕ್ರಮ ಇದು. ಹಸಿವೇ ಇಲ್ಲದ ಮಗುವಿಗೆ ಉಣಿಸಬೇಕಾದಾಗ ಮೊಬೈಲ್ ಬೇಕಾಗುತ್ತದೆ. ಊಟದ ಮುಂಚಿನ ಎರಡು ತಾಸು ನೀರಿನ ಹೊರತು ಬೇರೇನೂ ಕೊಡಬೇಡಿರಿ. ಮನೆಯವರು ಉಣ್ಣುವಾಗಲೇ ಮಗುವಿಗೂ ಒಂದು ಸಣ್ಣ ತಾಟು ಇಡಿರಿ. ರೊಟ್ಟಿಯ ಚೂರನ್ನು ತಾನೇ ಬ್ಯಾಳಿಯಲ್ಲಿ ಅದ್ದಿ ತಿನ್ನಲಿ, ಚೆಲ್ಲಿದರೆ ಚೆಲ್ಲಲಿ. ಅರ್ಧ ತಾಸಾದ ಮೇಲೆ ಬೈಯದೆ, ರಮಿಸದೆ ತಾಟು ಎತ್ತಿಬಿಡಿರಿ.

ಮೊದಲ ಮೂರ್ನಾಲ್ಕು ದಿನ ಹಠ ಕಡಿಮೆಯಾಗುವ ಬದಲು ಹೆಚ್ಚಬಹುದು. ಇಷ್ಟು ದಿನ ಫಲ ಕೊಡುತ್ತಿದ್ದ ಅಳು ಒಮ್ಮೆಲೇ ಫಲ ಕೊಡದೆ ಹೋದರೆ, ಅದನ್ನು ಬಿಡುವ ಮೊದಲು ಮಗು ಇನ್ನಷ್ಟು ಜೋರಾಗಿ ಅತ್ತು ನೋಡುತ್ತದೆ. ಇದು ವರ್ತನೆಯನ್ನು ಅಭ್ಯಸಿಸಿದವರಿಗೆಲ್ಲ ಗೊತ್ತಿರುವ ಸಂಗತಿ. ಮೂರನೆಯ ದಿನ ಮನಸ್ಸು ಕರಗಿ ಮೊಬೈಲ್ ಕೊಟ್ಟರೆ, ಮೂರು ದಿನ ಅತ್ತರೆ ಸಿಗುತ್ತದೆ ಎಂಬುದನ್ನು ನಾವೇ ಕಲಿಸಿದಂತೆ. ಆದ್ದರಿಂದ ಮನೆಯವರೆಲ್ಲ ಒಂದು ವಾರ ಗಟ್ಟಿಯಾಗಿ ನಿಲ್ಲಬಲ್ಲ ಸಮಯ ನೋಡಿ ಶುರು ಮಾಡಿರಿ. ಜಾತ್ರೆ, ಮದುವೆ ಇರುವ ವಾರ, ಬೀಗರು ಬರುವ ವಾರ ಬೇಡ.

ದಿನಕ್ಕೆ ಎಷ್ಟು ತಾಸು ನೋಡಿದರೆ ಅಡ್ಡಿಯಿಲ್ಲ?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯಂತೆ ಒಂದು ವರ್ಷದೊಳಗಿನ ಕೂಸಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸು ಮೀರಬಾರದು, ಅದಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯೂ ಎರಡು ವರ್ಷದ ತನಕ ಪರದೆ ಬೇಡವೆನ್ನುತ್ತದೆ. ದೂರದ ಬಂಧುಗಳೊಡನೆ ಆಗೊಮ್ಮೆ ಈಗೊಮ್ಮೆ ಮಾಡುವ ವಿಡಿಯೊ ಕರೆಗೆ ಮಾತ್ರ ವಿನಾಯಿತಿ. ಐದರಿಂದ ಹತ್ತು ವರ್ಷದವರಿಗೆ ಅದು ಹೇಳುವ ಮಿತಿ ಎರಡು ತಾಸಿಗಿಂತ ಕಡಿಮೆ.

ಈ ಮಿತಿಗಳಷ್ಟೇ ಮುಖ್ಯವಾದ ಇನ್ನೊಂದು ಲೆಕ್ಕವಿದೆ. ಐದು ವರ್ಷ ದಾಟಿದ ಮಗು ದಿನಕ್ಕೆ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕು, ಸಾಕಷ್ಟು ನಿದ್ದೆ ಮಾಡಬೇಕು, ಮನೆಯವರೊಡನೆ ಮಾತಾಡಬೇಕು. ಇವು ಮೂರೂ ನಡೆಯುತ್ತಿದ್ದರೆ ಹತ್ತು ನಿಮಿಷ ಹೆಚ್ಚು ನೋಡಿದ್ದಕ್ಕೆ ಕಂಗಾಲಾಗಬೇಕಿಲ್ಲ. ಪರದೆ ಇವುಗಳಲ್ಲಿ ಒಂದನ್ನು ನುಂಗಿದ್ದರೆ ಒಂದು ತಾಸೂ ಹೆಚ್ಚೇ.

ಕೈಯಾಗಿಂದ ಫೋನ್ ಕಸಗೊಂಡ ಕೂಡ್ಲೇ ನೆಲಕ್ಕ ಬಿದ್ದು ಹೊರಳಾಡ್ತಾಳ. ಮಂದಿ ಮುಂದ ಮರ್ಯಾದಿ ಹೋಗ್ತೈತಿ.

ಕಸಿದುಕೊಳ್ಳುವುದರಲ್ಲಿಯೇ ಅರ್ಧ ಸಮಸ್ಯೆ ಇದೆ. ನಾವು ಊಟಕ್ಕೆ ಕೂತಾಗ ಯಾರಾದರೂ ತಾಟು ಎಳೆದುಕೊಂಡರೆ ನಮಗೂ ಸಿಟ್ಟು ಬರುತ್ತದೆ. ಎರಡು-ಮೂರು ವರ್ಷದ ಮಗುವಿನ ಮಿದುಳಿಗೆ ಆ ಸಿಟ್ಟನ್ನು ತಡೆದುಕೊಳ್ಳುವ ಶಕ್ತಿ ಇನ್ನೂ ಬೆಳೆದಿರುವುದಿಲ್ಲ. ಜೊತೆಗೆ, ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ತಾನಾಗಿಯೇ ಶುರುವಾಗುವ ಚುಟುಕು ವಿಡಿಯೊಗಳಿಗೆ ಕೊನೆಯೆಂಬುದೇ ಇಲ್ಲ. ಕೊನೆ ಇಲ್ಲದ್ದನ್ನು ನಿಲ್ಲಿಸುವುದು ದೊಡ್ಡವರಿಗೂ ಕಷ್ಟ. ತಾನಾಗಿ ಮುಂದುವರಿಯುವ ಸೌಲಭ್ಯವನ್ನು ಸೆಟ್ಟಿಂಗ್ಸ್‌ನಲ್ಲಿ ಬಂದ್ ಮಾಡಿರಿ. ಆರಂಭ ಮತ್ತು ಅಂತ್ಯ ಇರುವ ಒಂದು ಕಥೆಯನ್ನು ಸಾಧ್ಯವಾದರೆ ದೊಡ್ಡ ಪರದೆಯಲ್ಲಿ, ಪಕ್ಕದಲ್ಲಿ ಕೂತು ತೋರಿಸಿರಿ. ಮುಗಿಯುವ ಮೊದಲೇ 'ಇದಾದ ಮೇಲೆ ಬಂದ್, ಆಮೇಲೆ ಎಮ್ಮೀ ನೋಡಾಕ ಹೋಗೂಣು' ಎಂದು ಮುಂದಿನ ಕೆಲಸವನ್ನೂ ಹೇಳಿರಿ. ಬಂದ್ ಮಾಡುವ ಗುಂಡಿಯನ್ನು ಅದರ ಕೈಯಿಂದಲೇ ಒತ್ತಿಸಿರಿ.

ಇಷ್ಟಾಗಿಯೂ ಹೊರಳಾಡಿದರೆ, ಪೆಟ್ಟಾಗದಂತೆ ನೋಡಿಕೊಂಡು ಹತ್ತಿರವೇ ಕೂಡಿರಿ. ಆಗ ಬುದ್ಧಿವಾದ ಬೇಡ, ಮಗುವಿಗೆ ಅದು ಕೇಳಿಸುವುದಿಲ್ಲ. ಮಂದಿಯ ಮುಂದೆ ನಾಚಿಕೊಂಡು ಫೋನ್ ಕೊಟ್ಟರೆ, ಮಂದಿಯ ಮುಂದೆ ಅಳುವುದು ಲಾಭವೆಂದು ಮಗು ಬಹಳ ಬೇಗ ಕಲಿಯುತ್ತದೆ. ನೋಡುತ್ತ ನಿಂತವರೂ ಮಕ್ಕಳನ್ನು ಬೆಳೆಸಿದವರೇ ಎಂಬುದನ್ನು ನೆನಪಿಡಿರಿ.

ಮಗನಿಗೆ ಎರಡೂವರೆ ವರ್ಷ, ಇನ್ನೂ ಮಾತು ಬಂದಿಲ್ಲ. ಮೊಬೈಲಿನಿಂದಲೇ ಹೀಗಾಯಿತೇ?

ಹೆಚ್ಚು ಹೊತ್ತು ಪರದೆಯ ಮುಂದೆ ಕಳೆಯುವ ಮಗುವಿಗೆ ಮಾತು ಕೇಳಿ ಮರುಮಾತಾಡುವ ಅವಕಾಶ ಕಡಿಮೆಯಾಗುತ್ತದೆ, ನಿಜ. ಆದರೆ ಮಾತು ತಡವಾಗಲು ಕಿವಿ ಕೇಳಿಸದಿರುವುದು, ಆಟಿಸಂ (ಇತರರೊಡನೆ ಬೆರೆಯುವುದು, ಮಾತಾಡುವುದು ಕಷ್ಟವಾಗುವ ಬೆಳವಣಿಗೆಯ ತೊಂದರೆ), ಬೆಳವಣಿಗೆಯ ಬೇರೆ ತೊಂದರೆಗಳು ಕಾರಣವಾಗಿರಬಹುದು. ಪರದೆ ನೋಡಿಯೇ ಆಟಿಸಂನಂಥ ಲಕ್ಷಣಗಳು ಬರುತ್ತವೆ ಎಂಬರ್ಥದ 'ವರ್ಚುವಲ್ ಆಟಿಸಂ' ಎಂಬ ಮಾತು ಈಗ ಓಡಾಡುತ್ತಿದೆ. ಅದು ವೈದ್ಯಶಾಸ್ತ್ರ ಒಪ್ಪಿದ ರೋಗನಿರ್ಣಯವಲ್ಲ. ಆ ಮಾತನ್ನು ನಂಬಿ ಮೊಬೈಲ್ ಬಿಡಿಸಿ ಆರು ತಿಂಗಳು ಕಾಯುತ್ತ ಕೂಡುವುದು ತಪ್ಪು, ಏಕೆಂದರೆ ಆ ಆರು ತಿಂಗಳು ಚಿಕಿತ್ಸೆಗೆ ಬಹಳ ಬೆಲೆಯುಳ್ಳ ಕಾಲ. ಎರಡು ವರ್ಷ ತುಂಬಿದ ಮಗು 'ಅವ್ವಾ ಬಾ' ಎಂಬಂತೆ ಎರಡು ಪದ ಸೇರಿಸದಿದ್ದರೆ, ಹೆಸರು ಹಿಡಿದು ಕರೆದರೆ ತಿರುಗದಿದ್ದರೆ, ಬೇಕಾದದ್ದನ್ನು ಬೆರಳಿನಿಂದ ತೋರಿಸದಿದ್ದರೆ, ಮಕ್ಕಳ ವೈದ್ಯರಲ್ಲಿ ಕರೆದೊಯ್ದು ಮೊದಲು ಕಿವಿಯ ಪರೀಕ್ಷೆ ಮಾಡಿಸಿರಿ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿಗಳಿಗೂ ಸರಕಾರಿ ಶಾಲೆಗಳಿಗೂ ಬರುವ ವೈದ್ಯರ ತಂಡಕ್ಕೂ ಇದನ್ನು ತೋರಿಸಬಹುದು. ಮೊಬೈಲ್ ಬಿಡಿಸುವುದು ಮತ್ತು ಪರೀಕ್ಷೆ ಮಾಡಿಸುವುದು, ಎರಡೂ ಒಟ್ಟಿಗೆ ನಡೆಯಲಿ.

ನಾವು ಬ್ಯಾಡ ಅಂದದ್ದನ್ನ ಅಜ್ಜ-ಆಯಿ ಕೊಟ್ಟಬಿಡ್ತಾರ. ಹಿರ್ಯಾರಿಗೆ ಹೆಂಗ ಹೇಳೂದು?

ಆಯಿಗೆ ಮೊಣಕಾಲು ನೋವು, ಮೊಮ್ಮಗ ಓಡುವ ಕುದುರೆ. ಆಕೆ ಮೊಬೈಲ್ ಕೊಡುವುದು ಮುದ್ದಿಗಿಂತ ಹೆಚ್ಚಾಗಿ ದಣಿವಿನಿಂದ. ಆದ್ದರಿಂದ ತಕರಾರು ಹೇಳುವ ಮೊದಲು ಮಗುವನ್ನು ನೋಡಿಕೊಳ್ಳುವ ಭಾರವನ್ನು ಒಂದು ತಾಸಾದರೂ ಕಡಿಮೆ ಮಾಡಿರಿ. ಕೂತಲ್ಲೇ ಮಾಡಬಹುದಾದ ಕೆಲಸಗಳನ್ನು ಅವರ ಕೈಗೆ ಕೊಡಿರಿ: ಅವರೆಕಾಯಿ ಸುಲಿಯುವುದು, ಹುಣಸೆ ಬೀಜದ ಆಟ, ಮಣ್ಣೆತ್ತಿನ ಅಮಾವಾಸ್ಯೆಯ ಎತ್ತು, ಆಷಾಢದ ಮಂಗಳವಾರಗಳ ಗುಳ್ಳವ್ವ. ಕೆರೆಯ ಮಣ್ಣಿನಲ್ಲಿ ಗುಳ್ಳವ್ವನನ್ನು ಮಾಡಲು ಬಲ್ಲವರು ನಮ್ಮ ಮನೆಗಳಲ್ಲಿ ಈಗ ಆಯಿ ಮಾತ್ರ. ಆ ವಿದ್ಯೆಯನ್ನು ಮೊಮ್ಮಕ್ಕಳು ಅವರಿಂದ ಕೇಳಿ ಕಲಿಯಲಿ ಎಂದು ನನಗೆ ಬಹಳ ಆಸೆ.

ಮಾತಾಡುವಾಗ ಸೊಸೆಯೊಬ್ಬಳ ಮೇಲೆಯೇ ಹೊರೆ ಬೀಳಬಾರದು. ಮಗನೇ ತನ್ನ ಅವ್ವ-ಅಪ್ಪನೊಡನೆ, ಮಗು ಎದುರಿಗಿಲ್ಲದಾಗ ಮಾತಾಡಲಿ.

## ಶಾಲೆಗೆ ಹೋಗುವ ಮಕ್ಕಳು

ಹೊಡದರ ಅಷ್ಟ ಕೇಳ್ತಾನ್ರಿ. ಒಂದೇಟು ಕೊಟ್ರ ತಪ್ಪೇನು?

ಶಿಕ್ಷಕಿಯಾದ ಮೊದಲ ವರ್ಷಗಳಲ್ಲಿ ನಾನೂ ಪಟ್ಟಿಯಿಂದ ಹೊಡೆದಿದ್ದೇನೆ. ತರಗತಿ ಸುಮ್ಮನಾಗುತ್ತಿತ್ತು, ನಾನು ಅದನ್ನು ಶಿಸ್ತು ಎಂದು ತಿಳಿದಿದ್ದೆ. ಹೋಂವರ್ಕ್ ಮಾಡದ ಒಬ್ಬ ಹುಡುಗ ಪೆಟ್ಟಿಗೆ ಹೆದರಿ ಎರಡು ವಾರ ಶಾಲೆ ತಪ್ಪಿಸಿ ಬಸ್ ನಿಲ್ದಾಣದಲ್ಲಿ ಕೂಡುತ್ತಿದ್ದನೆಂದು ತಿಳಿದ ದಿನ ಆ ಪಟ್ಟಿಯನ್ನು ಕೆಳಗಿಟ್ಟೆ. ನನ್ನ ಹೊಡೆತದಿಂದ ಅವನು ಕಲಿತದ್ದು ಬಚ್ಚಿಡುವುದನ್ನು.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮನೆಯ ಮಟ್ಟಿಗೆ ನಾನು ಕಾನೂನಿಗಿಂತ ಹೆಚ್ಚಾಗಿ ಇನ್ನೊಂದು ಕಾರಣವನ್ನು ಮುಂದಿಡುತ್ತೇನೆ. ಹಿಂದೆ ಮಗು ಬಚ್ಚಿಡುತ್ತಿದ್ದುದು ಒಡೆದ ಗಾಜನ್ನೋ, ಕಡಿಮೆ ಬಂದ ಅಂಕವನ್ನೋ. ಈಗ ಅದರ ಕೈಯಲ್ಲಿರುವ ಯಂತ್ರದೊಳಗಿಂದ ಅಪರಿಚಿತನೊಬ್ಬ ಫೋಟೊ ಕೇಳಬಹುದು, ಹಣ ಕೇಳಬಹುದು, ಹೆದರಿಸಬಹುದು. 'ಅಪ್ಪಗ ಹೇಳಿದರ ಹೊಡೀತಾನ' ಎಂಬ ಭಯವೇ ಅಂಥವನಿಗೆ ಬಂಡವಾಳ. ಮಗು ತನ್ನ ತಪ್ಪನ್ನು ತಾನೇ ಬಂದು ಹೇಳುವ ದಾರಿ ತೆರೆದಿರಬೇಕಾದರೆ ಕೈ ಎತ್ತುವುದು ನಿಲ್ಲಲೇಬೇಕು.

ಹೊಡೆಯದಿರುವುದೆಂದರೆ ಸುಮ್ಮನಿರುವುದೆಂದಲ್ಲ. ಶಿಕ್ಷೆ ತಪ್ಪಿಗೆ ಸಂಬಂಧಿಸಿರಲಿ, ಸಣ್ಣದಿರಲಿ, ಮೊದಲೇ ತಿಳಿಸಿದ್ದಿರಲಿ. ಹೇಳಿದ ಹೊತ್ತಿಗೆ ಫೋನ್ ಇಡಲಿಲ್ಲವೆಂದರೆ ನಾಳೆ ಅರ್ಧ ತಾಸು ಕಡಿಮೆ, ಅಷ್ಟೇ. 'ಇನ್ನ ಒಂದು ತಿಂಗಳು ಮುಟ್ಟಾಕ ಕೊಡಂಗಿಲ್ಲ' ಎಂದು ಸಿಟ್ಟಿನಲ್ಲಿ ಹೇಳಿ ಮೂರನೆಯ ದಿನ ನಾವೇ ಕೊಟ್ಟರೆ, ನಮ್ಮ ಮಾತಿಗೆ ಬೆಲೆಯಿಲ್ಲವೆಂದು ನಾವೇ ಸಾರಿದಂತೆ. ನಾನು ಕಂಡಂತೆ ಕಟ್ಟುನಿಟ್ಟಿನ ಮನೆಗಳಿಗಿಂತ ಆಡಿದ ಮಾತಿನಂತೆ ನಡೆಯುವ ಮನೆಗಳ ಮಕ್ಕಳು ಹೆಚ್ಚು ಮಾತು ಕೇಳುತ್ತಾರೆ.

ಹೋಂವರ್ಕೇ ವಾಟ್ಸಾಪ್‌ನಾಗ ಬರ್ತೈತಿ. ಫೋನ್ ಕೊಡದ ಹೆಂಗ ಇರೂದು?

ಸಂದೇಶವನ್ನು ನೀವು ಓದಿ, ಮಗು ಅದನ್ನು ವಹಿಯಲ್ಲಿ ಬರೆದುಕೊಳ್ಳಲಿ. ಅಲ್ಲಿಗೆ ಫೋನಿನ ಕೆಲಸ ಮುಗಿಯಿತು. ವಿಡಿಯೊ ಪಾಠ ನೋಡಲೇಬೇಕಿದ್ದರೆ ಪಡಸಾಲೆಯಲ್ಲಿ, ಆ ಒಂದು ಆ್ಯಪ್ ಮಾತ್ರ ತೆರೆದಿರುವಂತೆ ಪಿನ್ ಮಾಡಿ ಕೊಡಿರಿ. ಆಂಡ್ರಾಯ್ಡ್ ಫೋನುಗಳ ಭದ್ರತಾ ಸೆಟ್ಟಿಂಗ್ಸ್‌ನಲ್ಲಿ ಈ ಸೌಲಭ್ಯವಿದೆ. ಪಾಲಕರ ಸಭೆಯಲ್ಲಿ ನಾಲ್ಕು ಜನ ಸೇರಿ ಕೇಳಿಕೊಂಡರೆ, ತರಗತಿಯಲ್ಲಿಯೇ ಹೋಂವರ್ಕ್ ಬರೆಸಿ ಕಳಿಸಲು ಶಿಕ್ಷಕರು ಸಾಮಾನ್ಯವಾಗಿ ಒಪ್ಪುತ್ತಾರೆ.

ಇಬ್ರೂ ಕೆಲಸಕ್ಕ ಹೋಗ್ತೀವಿ. ಸಾಲಿ ಬಿಟ್ಟು ಬಂದ ಮ್ಯಾಲೆ ಎರಡು ತಾಸು ಮಗಳು ಒಬ್ಬಾಕಿನ ಇರ್ತಾಳ. ಫೋನ್ ಕೊಡದ ಗತಿ ಇಲ್ಲ.

ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ಕೆಲಸ. ಬಸ್ಸಿನಿಂದ ಇಳಿಯುವಾಗ ಸಂಜೆ ಏಳು. ಅಂಥ ಮನೆಗಳ ಕಷ್ಟ ನನಗೆ ಗೊತ್ತು, ಅವರನ್ನು ದೂರುವ ಮನಸ್ಸು ನನಗಿಲ್ಲ. ಆದರೆ ನನ್ನ ಬಳಿ ಬಂದ ಬಹಳಷ್ಟು ದೂರುಗಳ ಬೇರು ಹಿಡಿದು ಹೋದಾಗ ಸಿಕ್ಕದ್ದು ಈ ಬರಿದಾದ ಎರಡು ತಾಸು. ಅದನ್ನು ಬರಿದಾಗಿಯೇ ಇಟ್ಟು ಫೋನನ್ನು ಮಾತ್ರ ಕಿತ್ತುಕೊಂಡರೆ, ಹುಡುಗಿ ಪಕ್ಕದ ಮನೆಯ ಫೋನ್ ಹುಡುಕಿಕೊಂಡು ಹೋಗುತ್ತಾಳೆ.

ಆದ್ದರಿಂದ ಮೊದಲು ಆ ಹೊತ್ತಿಗೆ ಏನು ಎಂಬುದನ್ನು ಗೊತ್ತು ಮಾಡಿರಿ. ಒಂದೇ ಓಣಿಯ ಮೂರು ಮನೆಗಳವರು ಸರತಿಯ ಮೇಲೆ ಒಂದೊಂದು ದಿನ ಮಕ್ಕಳನ್ನು ನೋಡಿಕೊಂಡರೆ ಯಾರಿಗೂ ಭಾರವಾಗದು. ಹತ್ತಿರದ ಸಾರ್ವಜನಿಕ ಗ್ರಂಥಾಲಯ, ತಬಲಾ ಅಥವಾ ಹಾರ್ಮೋನಿಯಂ ಪಾಠ, ಸುರಕ್ಷಿತವಾದ ಮೈದಾನ, ಯಾವುದಾದರೂ ಆಗಬಹುದು. ಸಂಗೀತಕ್ಕೆ ಧಾರವಾಡದಲ್ಲಿ ಗುರುಗಳ ಕೊರತೆಯಂತೂ ಇಲ್ಲ. ಮನೆಯಲ್ಲೇ ಇರಬೇಕಾದರೆ ಮೊದಲು ತಿನ್ನಲು ಏನಾದರೂ ಸಿದ್ಧವಿರಲಿ. ಶಾಲೆಯಿಂದ ಬಂದ ಮಗುವಿನ ಸಿಡಿಮಿಡಿ ಬಹಳ ಸಲ ಹಸಿವೇ ಆಗಿರುತ್ತದೆ. ಒಂದು ಬೊಗಸೆ ಚುರಮುರಿ ಒಗ್ಗರಣೆಯ ಮುಂದೆ ಅದು ನಿಲ್ಲುವುದಿಲ್ಲ. ಆಮೇಲೆ ಅವಳ ಪಾಲಿನ ಒಂದು ನಿಜವಾದ ಕೆಲಸ: ಗಿಡಕ್ಕೆ ನೀರು, ಒಣಗಿದ ಅರಿವೆ ಮಡಚುವುದು, ರಾತ್ರಿಯ ಅಡುಗೆಗೆ ಬಳ್ಳೊಳ್ಳಿ ಬಿಡಿಸುವುದು. ಉಳಿದ ಹೊತ್ತಿನಲ್ಲಿ 'ಬ್ಯಾಸರಾಗೇತಿ' ಎಂದರೆ ಗಾಬರಿಯಾಗಬೇಡಿರಿ. ಬೇಸರವನ್ನು ಸ್ವಲ್ಪ ಹೊತ್ತು ತಾಳಿಕೊಂಡ ಮಗು ತಾನೇ ಆಟ ಹುಟ್ಟಿಸುತ್ತದೆ.

ಸಂಪರ್ಕಕ್ಕೆ ಇಂಟರ್ನೆಟ್ ಇಲ್ಲದ ಗುಂಡಿಯ ಫೋನ್ ಸಾಕು.

'ನೀವ ಫೋನ್ ಬಿಡಂಗಿಲ್ಲ, ನನಗ್ಯಾಕ ಹೇಳ್ತೀರಿ' ಅಂತ ಮಗಳು ಕೇಳಿದಳು. ಏನು ಉತ್ತರಿಸಲಿ?

ಅವಳ ಮಾತು ನಿಜವಾಗಿದ್ದರೆ ನಿಜವೆಂದು ಒಪ್ಪಿಕೊಳ್ಳಿರಿ. ಒಪ್ಪಿಕೊಂಡ ತಂದೆ-ತಾಯಿಯ ಮೇಲೆ ಮಕ್ಕಳ ಗೌರವ ಕಡಿಮೆಯಾದದ್ದನ್ನು ನಾನು ನೋಡಿಲ್ಲ. ದೊಡ್ಡವರ ಬ್ಯಾಂಕು, ಬಿಲ್ಲು, ಕಚೇರಿ ಎಲ್ಲವೂ ಫೋನಿನಲ್ಲಿರುವುದರಿಂದ ನಾವು ಕೆಲಸ ಮಾಡುತ್ತಿದ್ದೇವೋ ರೀಲ್ಸ್ ನೋಡುತ್ತಿದ್ದೇವೋ ಮಗುವಿಗೆ ತಿಳಿಯುವುದಿಲ್ಲ. 'ಕರೆಂಟ್ ಬಿಲ್ ಕಟ್ತೀನಿ, ಎರಡು ನಿಮಿಷ' ಎಂದು ಬಾಯಿಬಿಟ್ಟು ಹೇಳಿ, ಎರಡು ನಿಮಿಷಕ್ಕೆ ಇಟ್ಟುಬಿಡಿರಿ. ಊಟದ ಹೊತ್ತಿನ ನಿಯಮ ಅಪ್ಪನಿಗೂ ಅನ್ವಯಿಸಲಿ.

ಬೆಳಿಗ್ಗೆ ಏಳೂದಿಲ್ಲ, ಎದ್ದರ ಎಲ್ಲಾರ ಮ್ಯಾಲೂ ಸಿಡಿತಾನ. ಇದೂ ಮೊಬೈಲಿನಿಂದನ?

ಇದನ್ನು ನಡತೆಯ ದೋಷವೆಂದು ತೀರ್ಮಾನಿಸುವ ಮೊದಲು ನಿದ್ದೆಯನ್ನು ಎಣಿಸಿರಿ. ಆರರಿಂದ ಹನ್ನೆರಡು ವರ್ಷದವರಿಗೆ 9ರಿಂದ 12 ತಾಸು, ಹದಿಹರೆಯದವರಿಗೆ 8ರಿಂದ 10 ತಾಸು ನಿದ್ದೆ ಬೇಕು. ಮಲಗುವ ಒಂದು ತಾಸು ಮೊದಲು ಮನೆಯ ಎಲ್ಲ ಫೋನುಗಳೂ ಅಡುಗೆಮನೆಯಲ್ಲಿ ಚಾರ್ಜಿಗೆ ಹೋಗಲಿ, ಅಲಾರಾಂಗೆ ಒಂದು ಗಡಿಯಾರ ತರಿರಿ. ಎರಡು ವಾರದಲ್ಲಿ ಸಿಡುಕು ಇಳಿಯದಿದ್ದರೆ ಕಾರಣ ಬೇರೆ ಇದೆ. ಶಾಲೆಯಲ್ಲಿ ಯಾರಾದರೂ ಪೀಡಿಸುತ್ತಿದ್ದಾರೆಯೇ ಎಂದು ಮೆಲ್ಲಗೆ ವಿಚಾರಿಸಿರಿ.

## ಹದಿಹರೆಯ ಮತ್ತು ಕಠಿಣ ಪ್ರಸಂಗಗಳು

ಹಗಲೂ ರಾತ್ರಿ ಗೇಮ್ ಆಡುತ್ತಾನೆ. ಇದು ಚಟವೋ, ವಯಸ್ಸಿನ ಹುಚ್ಚೋ?

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೆಯ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂದಿತು. ಅದರಲ್ಲಿ ಗೇಮಿಂಗ್ ಕಾಯಿಲೆಯೂ ಸೇರಿದೆ. ಅದರ ಲಕ್ಷಣಗಳು ಮೂರು: ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲ ಆಸಕ್ತಿ ಮತ್ತು ಕೆಲಸಗಳಿಗಿಂತ ಆಟವೇ ಮೇಲಾಗುವುದು, ಹಾನಿಯಾದರೂ ಆಟ ಮುಂದುವರಿಯುವುದು. ಓದು, ಸಂಸಾರ, ಗೆಳೆತನಗಳಿಗೆ ಗಣನೀಯ ಪೆಟ್ಟು ಬಿದ್ದಿರಬೇಕು, ಸಾಮಾನ್ಯವಾಗಿ 12 ತಿಂಗಳಷ್ಟು ಕಾಲ ಹೀಗೆಯೇ ನಡೆದಿರಬೇಕು. ಬೇಸಿಗೆ ರಜೆಯಲ್ಲಿ ದಿನವಿಡೀ ಆಡಿ, ಶಾಲೆ ಶುರುವಾದ ಮೇಲೆ ಕಡಿಮೆ ಮಾಡುವ ಹುಡುಗ ಈ ಗುಂಪಿಗೆ ಸೇರುವುದಿಲ್ಲ.

ಜಗಳ ಕಡಿಮೆ ಮಾಡುವ ಒಂದು ಸಂಗತಿ ಪಾಲಕರಿಗೆ ತಿಳಿದಿರಬೇಕು. ತಂಡ ಕಟ್ಟಿ ಆಡುವ ಆಟಗಳನ್ನು ನಡುವೆ ನಿಲ್ಲಿಸಲು ಬರುವುದಿಲ್ಲ; ಒಬ್ಬ ಬಿಟ್ಟರೆ ತಂಡವೇ ಸೋಲುತ್ತದೆ, ಗೆಳೆಯರು ಬೈಯುತ್ತಾರೆ. ಆದ್ದರಿಂದ ಗಡಿಯಾರದ ಬದಲು ಎರಡು ಮ್ಯಾಚ್ ಎಂಬ ಲೆಕ್ಕದಲ್ಲಿ ಒಪ್ಪಂದ ಮಾಡಿಕೊಳ್ಳಿರಿ. ಒಮ್ಮೆ ಪಕ್ಕದಲ್ಲಿ ಕೂತು ಆಟವನ್ನು ಅವನಿಂದಲೇ ಕೇಳಿ ತಿಳಿಯಿರಿ. ಓದಿನಲ್ಲಿ ಹಿಂದೆ ಬಿದ್ದ ಹುಡುಗನಿಗೆ ತಾನು ಗೆಲ್ಲುವ ಜಾಗ ಅದೊಂದೇ ಆಗಿರುವುದು ಉಂಟು.

ಫೋನ್‌ಪೇದಿಂದ ದುಡ್ಡು ಹೋಗಿದೆ. ಮಗ ಗೇಮಿಗೆ ಹಾಕಿದ್ದಾನೆ.

ಮೊದಲು ಯುಪಿಐ ಪಿನ್ ಬದಲಿಸಿರಿ. ಮಗನೇ ಆಟದೊಳಗೆ ಏನಾದರೂ ಕೊಂಡಿದ್ದರೆ ಪ್ಲೇ ಸ್ಟೋರ್‌ನಲ್ಲಿ ಹಣ ವಾಪಸಿಗೆ ತಡಮಾಡದೆ ಮನವಿ ಸಲ್ಲಿಸಿರಿ, ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡಿರಿ. ಯಾರೋ ಮೋಸದಿಂದ ಹಾಕಿಸಿಕೊಂಡಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿರಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಡೆಸುವುದನ್ನೂ ಅವುಗಳ ಜಾಹೀರಾತನ್ನೂ 2025ರ ಕೇಂದ್ರ ಕಾನೂನು ನಿಷೇಧಿಸಿದೆ. ಮನೆಯ ಮಟ್ಟಿಗೆ, ಹೋದ ಹಣದ ಒಂದು ಭಾಗವನ್ನಾದರೂ ಹುಡುಗ ತನ್ನ ಖರ್ಚಿನ ದುಡ್ಡಿನಿಂದ ತಿಂಗಳು ತಿಂಗಳು ತುಂಬಲಿ.

ಮಗಳ ಫೋನ್ ಅವಳಿಗೆ ತಿಳಿಯದಂತೆ ನೋಡಬಹುದೇ?

ಜೀವಕ್ಕೆ ಅಥವಾ ಮಾನಕ್ಕೆ ಅಪಾಯವಿದೆಯೆಂಬ ಸ್ಪಷ್ಟ ಅನುಮಾನವಿದ್ದರೆ ನೋಡಬಹುದು, ನೋಡಬೇಕು. ಅದಿಲ್ಲದೆ ದಿನವೂ ಕದ್ದು ನೋಡುವುದನ್ನು ನಾನು ಒಪ್ಪುವುದಿಲ್ಲ. ಗೊತ್ತಾದ ದಿನ ಅವಳು ಎರಡನೆಯ ಖಾತೆ ತೆರೆಯುತ್ತಾಳೆ, ನಿಮಗೆ ತೋರಿಸುವ ಖಾತೆಯಲ್ಲಿ ಏನೂ ಇರುವುದಿಲ್ಲ. ಇನ್‌ಸ್ಟಾಗ್ರಾಮ್ ಮತ್ತು ವಾಟ್ಸಾಪ್ ತಮ್ಮ ನಿಯಮದಲ್ಲಿಯೇ 13 ವರ್ಷದ ಮಿತಿ ಇಟ್ಟುಕೊಂಡಿವೆ, ಅದಕ್ಕಿಂತ ಸಣ್ಣವರಿಗೆ ಸುಳ್ಳು ವಯಸ್ಸು ಹಾಕಿ ಖಾತೆ ತೆರೆದು ಕೊಡಬೇಡಿರಿ. ಮೊದಲ ಫೋನ್ ಕೊಡುವಾಗಲೇ ಗೂಗಲ್‌ನ ಫ್ಯಾಮಿಲಿ ಲಿಂಕ್‌ನಂಥ ವ್ಯವಸ್ಥೆಯನ್ನು ಅವಳ ಎದುರಿಗೇ ಹಾಕಿ, ಏನು ನಿಮಗೆ ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ತಿಳಿಸಿರಿ. ವಯಸ್ಸು ಏರಿದಂತೆ ಹಿಡಿತ ಸಡಿಲವಾಗಲಿ.

ಫೋಟೊ ಇಟ್ಟುಕೊಂಡು ಯಾರೋ ಹೆದರಿಸುತ್ತಿದ್ದಾರೆಂದು ಮಗು ಅಳುತ್ತಿದೆ. ಮೊದಲು ಏನು ಮಾಡಬೇಕು?

ಮೊದಲ ಮಾತು ಇದಾಗಿರಲಿ: 'ನನಗ ಹೇಳಿದ್ದು ಛಲೋ ಆತು. ನಿನ್ನ ಮ್ಯಾಲೆ ಸಿಟ್ಟಿಲ್ಲ. ಇನ್ನ ಮುಂದಿಂದು ನಾ ನೋಡಿಕೊಳ್ತೀನಿ.' ಯಾಕೆ ಕಳಿಸಿದೆ ಎಂಬ ಪ್ರಶ್ನೆ ಆ ರಾತ್ರಿ ಬೇಡ. ನಾಚಿಕೆಯಿಂದ ನಲುಗಿದ ಮಗು ಜೀವಕ್ಕೆ ಅಪಾಯ ಮಾಡಿಕೊಳ್ಳುವ ಸಂಭವವಿರುತ್ತದೆ, ಆದ್ದರಿಂದ ಆ ರಾತ್ರಿ ಒಂಟಿಯಾಗಿ ಬಿಡಬೇಡಿರಿ.

ಹಣ ಕೊಡಬೇಡಿರಿ, ಕೊಟ್ಟರೆ ಬೇಡಿಕೆ ಬೆಳೆಯುತ್ತದೆ. ಸಂದೇಶಗಳನ್ನು ಅಳಿಸದೆ, ಖಾತೆಯ ಹೆಸರು, ದೂರವಾಣಿ ಸಂಖ್ಯೆ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿರಿ. ಮಗುವಿನ ನಗ್ನ ಚಿತ್ರವನ್ನು ಸಾಕ್ಷಿಗೆಂದು ಯಾರಿಗೂ, ಬಂಧುಗಳಿಗೂ ಕಳಿಸಬೇಡಿರಿ. ಆಮೇಲೆ ಆ ಖಾತೆಯನ್ನು ಬ್ಲಾಕ್ ಮಾಡಿ, 1930ಕ್ಕೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿರಿ, ಕೇಂದ್ರದ ಸೈಬರ್ ಅಪರಾಧ ಜಾಲತಾಣದಲ್ಲಿಯೂ ದೂರು ದಾಖಲಿಸಿರಿ. 18 ವರ್ಷದೊಳಗಿನವರ ವಿಷಯದಲ್ಲಿ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ, ಮಗುವಿನ ಗುರುತನ್ನು ಬಹಿರಂಗಪಡಿಸುವುದನ್ನು ಆ ಕಾಯ್ದೆ ತಡೆಯುತ್ತದೆ. ಹೆಸರು ಪೇಪರಿನಲ್ಲಿ ಬರುತ್ತದೆಂಬ ಭಯದಿಂದ ದೂರು ಕೊಡದೆ ಉಳಿಯಬೇಡಿರಿ.

ಡಾಕ್ಟರ್ ಹತ್ರ ಯಾವಾಗ ಹೋಗಬೇಕು? ಡಿಮ್ಹಾನ್ಸ್‌ಗೆ ಕರ್ಕೊಂಡ ಹೋದರ ಮಂದಿ ಏನಂತಾರ?

ಫೋನ್ ತೆಗೆದುಕೊಂಡಾಗ ತನ್ನನ್ನೋ ಇತರರನ್ನೋ ಗಾಯಗೊಳಿಸುವುದು, ಶಾಲೆಯನ್ನೇ ಬಿಟ್ಟುಬಿಡುವುದು, ವಾರಗಟ್ಟಲೆ ಯಾರೊಡನೆಯೂ ಮಾತಾಡದಿರುವುದು, ನಿದ್ದೆ-ಊಟ ಕೆಡುವುದು ಕಂಡರೆ ತಡಮಾಡಬೇಡಿರಿ. ಸಾಯುತ್ತೇನೆಂಬ ಮಾತು ಬಂದರೆ ಅದನ್ನು ನಾಟಕವೆಂದು ತಳ್ಳಿಹಾಕದೆ ಅದೇ ದಿನ ಕರೆದೊಯ್ಯಿರಿ. ಚಂಚಲತೆ, ಗಮನ ನಿಲ್ಲದಿರುವುದು ಸಣ್ಣಂದಿನಿಂದಲೂ ಮನೆ ಮತ್ತು ಶಾಲೆ ಎರಡೂ ಕಡೆ ಇದ್ದರೆ ಅದು ಎಡಿಎಚ್‌ಡಿ ಎಂಬ ಗಮನ ಕೊರತೆಯ ತೊಂದರೆ ಆಗಿರಬಹುದು. ಅದಕ್ಕೆ ಚಿಕಿತ್ಸೆ ಇದೆ, ಬೈಗಳಿಂದ ಅದು ಹೋಗುವುದಿಲ್ಲ.

ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯನ್ನು, ಅಂದರೆ ಡಿಮ್ಹಾನ್ಸ್ ಅನ್ನು, ನಮ್ಮ ಜನ ಇನ್ನೂ ಹುಚ್ಚರ ಆಸ್ಪತ್ರೆ ಎಂಬ ಹಳೆಯ ಹೆಸರಿನಿಂದಲೇ ಕರೆಯುತ್ತಾರೆ. ಆ ಹೆಸರಿನ ಭಯಕ್ಕೆ ಎಷ್ಟೋ ಮಕ್ಕಳ ಚಿಕಿತ್ಸೆ ವರ್ಷಗಟ್ಟಲೆ ಮುಂದೆ ಹೋದದ್ದು ನನಗೆ ನೋವಿನ ಸಂಗತಿ. ಗದಗ, ಹಾವೇರಿಯ ಹಳ್ಳಿಗಳಿಂದಲೂ ಅಲ್ಲಿಗೆ ಜನ ಬರುತ್ತಾರೆ. ನೇರವಾಗಿ ಹೋಗಲು ಹಿಂಜರಿಕೆಯಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. 2022ರಲ್ಲಿ ಆರಂಭವಾದ ಈ ಸೇವೆ ಉಚಿತ, ಹಗಲೂ ರಾತ್ರಿಯೂ ಇದೆ, ಕನ್ನಡದಲ್ಲಿ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿ ಬಳಕೆಗೆಂದೇ 2014ರಲ್ಲಿ ಶುರುವಾದ ಶಟ್ ಕ್ಲಿನಿಕ್ ಇದೆ.

ಮೊದಲ ಭೇಟಿಗೆ ಹೋಗುವಾಗ ಒಂದು ವಾರದ ನಿದ್ದೆ, ಊಟ, ಫೋನಿನ ತಾಸು, ಸಿಟ್ಟು ಬಂದ ಹೊತ್ತು ಮತ್ತು ಅದಕ್ಕೆ ಮುಂಚೆ ನಡೆದದ್ದನ್ನು ಒಂದು ವಹಿಯಲ್ಲಿ ಬರೆದು ಒಯ್ಯಿರಿ. ಪೇಡೆ ಕೊಡಿಸುತ್ತೇನೆ, ತಿರುಗಾಡಿ ಬರೋಣವೆಂದು ಸುಳ್ಳು ಹೇಳಿ ಕರೆದೊಯ್ಯಬೇಡಿರಿ. ಎಲ್ಲಿಗೆ, ಯಾಕೆ ಹೋಗುತ್ತಿದ್ದೇವೆ, ಅಲ್ಲಿ ಏನು ಕೇಳುತ್ತಾರೆ ಎಂಬುದನ್ನು ಹಿಂದಿನ ದಿನವೇ ಮಗುವಿಗೆ ತಿಳಿಸಿರಿ. ವೈದ್ಯರೊಡನೆ ಸ್ವಲ್ಪ ಹೊತ್ತು ಒಂಟಿಯಾಗಿ ಮಾತಾಡಲು ಬಯಸಿದರೆ ನೀವು ಹೊರಗೆ ಕೂಡುತ್ತೀರೆಂದೂ ಹೇಳಿರಿ.